ಕೊಸರು ಚೂಡಾ

ಢಬ್ ಢಬ್... ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ತಗಡಿಗೆ ಅಂಗೈ ಬಡಿಯುವ ಸದ್ದು, ಅದರ ಬೆನ್ನಿಗೇ ಒಂದು ಕೂಗು. ಮೊನ್ನೆ ಮೊಮ್ಮಗಳು ಚಿಪ್ಸ್ ಪಾಕೀಟು ಹರಿದಾಗ ಅದೆಲ್ಲ ಮತ್ತೆ ಕೇಳಿಸಿತು. ಫುಸ್ ಎಂದು ಅರ್ಧ ಪಾಕೀಟು ಗಾಳಿಯೇ ಹೊರಗೆ ಹೋಯಿತು. ನನಗರಿವಿಲ್ಲದೆ ನನ್ನ ಅಂಗೈ ಮುಂದೆ ಚಾಚಿತ್ತು.

"ಅಜ್ಜಿ, ವಾಟ್ ಆರ್ ಯೂ ವೇಟಿಂಗ್ ಫಾರ್?"

ಏನು ಹೇಳಲಿ... ಕೊಸರಿಗೆ ಕಾಯುತ್ತಿದ್ದೆ.

ನಮ್ಮ ಬಾಜೂ ಮನೆಯ ಕಾಕು ಅವಲಕ್ಕಿ ಚೂಡಾ ಮಾಡಿ, ಸ್ಟ್ಯಾಂಡಿನ ಕ್ಯಾಂಟೀನ್ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದಳು. ಹಳೆ ಪೇಪರಿನ ಪೊಟ್ಟಣ, ಮೇಲೊಂದು ದಾರ. ಕಟ್ಟುವ ಮುನ್ನ ಅಳತೆಯ ಮೇಲೆ ಒಂದು ಹಿಡಿ ಹೆಚ್ಚು ಹಾಕುತ್ತಿದ್ದಳು. ಅದೇ ಕೊಸರು. ಕೊಸರಿಲ್ಲದ್ದು ಆಕೆಗೆ ವ್ಯಾಪಾರವೇ ಅಲ್ಲ.

ಆಮೇಲೆ ಬಂದವು ನೋಡಿ, ಮಿರುಗುವ ಕಂಪನಿ ಪಾಕೀಟುಗಳು! ಕ್ಯಾಂಟೀನಿನ ಮುಂದೆ ಹೂಮಾಲೆಯಂತೆ ಜೋತುಬಿದ್ದವು. ಕ್ಯಾಂಟೀನಿನವರು ಹೇಳಿಯೇಬಿಟ್ಟರು: "ಕಾಕೂ, ದೀಪಾವಳಿ ತನಕ ನೋಡ್ತೇನಿ. ನೀವೂ ಪಾಕೀಟ ಮಾಡ್ರಿ, ಇಲ್ಲಾಂದ್ರ ಜಾಗಾ ಬಿಡ್ರಿ."

ನಾನಾಗ ಕಾನ್ವೆಂಟ್ ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದೆ. ಕಾಕುವಿಗೆ ನಾನೇ ಪ್ಯಾಕಿಂಗ್ ಎಕ್ಸ್‌ಪರ್ಟ್! ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಗರಗಸದ ಅಲಗಿನ ಮೇಲೆ ಮಡಚಿ, ಮೇಣದಬತ್ತಿಯ ಉರಿಗೆ ಸವರಿ ಬೆಸೆಯುತ್ತಿದ್ದೆವು. ಕಾಕು ಮಾತ್ರ ಕೊಸರನ್ನೂ ಒಳಗೇ ತುರುಕುವಳು. ಮೊದಲ ದಿನವೇ ಇಂಡಿಗೆ ಹೋಗುವ ಬಸ್ಸಿನಲ್ಲಿ ಪಾಕೀಟುಗಳು ಫಟ್ ಫಟ್ ಒಡೆದು, ಪ್ರಯಾಣಿಕರ ಮಡಿಲ ತುಂಬ ಅವಲಕ್ಕಿ, ಶೇಂಗಾ, ಪುಟಾಣಿ ಕಾಳು... ಬಸ್ಸಿಗೆ ಬಸ್ಸೇ ನಕ್ಕಿತು.

"ಒಳಗ ಸ್ವಲ್ಪ ಏರ್ ಬಿಡಬೇಕ್ರಿ ಕಾಕು."

"ನಾ ಏನ್ ಗಾಳಿ ಮಾರಾಕ ಕುಂತೇನೇನವಾ? ಮತ್ತ ಕೊಸರ ಎಲ್ಲಿ ಹಾಕ್ಲಿ?"

ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಮೊರದಿಂದ ತಲೆ ಎತ್ತಲಿಲ್ಲ. "ಗಿರಾಕಿಗೆ ಕೈ ಇಲ್ಲೇನು? ಕೈಯಾಗ ಹಾಕು," ಎಂದಳು.

ಕಾಕು ನನ್ನನ್ನು ನೋಡಿದಳು, ನಾನು ಕಾಕುವನ್ನು. ಸಿಂಪಲ್!

ಉಳಿದದ್ದು ಹೆಸರು. ನಾನು 'ಗೋಲ್ಡನ್ ಡಿಲೈಟ್' ಎಂದೆ. "ಅದನ್ನ ಕಿಟಕ್ಯಾಗ ಕೂಗಾಕ ನಿಮ್ಮ ಸಾಲಿ ಸಿಸ್ಟರ್ ಬರ್ತಾರೇನು?" ಎಂದು ಕಾಕು ನಕ್ಕಳು. ಕೊನೆಗೆ ಲೇಬಲ್ಲಿನ ಮೇಲೆ ನನ್ನ ದುಂಡಕ್ಷರದಲ್ಲಿ ಬಂದದ್ದು 'ಕೊಸರು ಚೂಡಾ'. ಪಾಕೀಟಿನ ಬುಟ್ಟಿಯ ಪಕ್ಕ ಬಿಡಿ ಚೂಡಾದ ಇನ್ನೊಂದು ಬುಟ್ಟಿ. ಬಸ್ಸು ಬಂದರೆ ಸಾಕು, ಢಬ್ ಢಬ್, "ಕೊಸರ ಐತ್ರೀ, ಕೊಸರ!" ಪಾಕೀಟು ಕೊಂಡವರ ಅಂಗೈಗೆ ಒಂದು ಹಿಡಿ. ಅವರು ಮೆಲ್ಲುವುದನ್ನು ನೋಡಿ ಮುಂದಿನ ಕಿಟಕಿಯಿಂದ ಕೈ ಹೊರಬರುತ್ತಿತ್ತು.

ದೀಪಾವಳಿಗೆ ಕ್ಯಾಂಟೀನಿನವರು ಕಾಕುವಿನ ಪಾಕೀಟುಗಳನ್ನು ತಾವೇ ಮುಂಚೂಣಿಯಲ್ಲಿ ತೂಗುಹಾಕಿ, ಮೆಲ್ಲಗೆ ಅಂಗೈ ಚಾಚಿದರು. "ಕಾಕೂ, ನನಗ?"

"ಜಾಗಾ ಬಿಡಂದಾವ್ರು ನೀವಽ ಏನ್ರಿ?" ಎನ್ನುತ್ತಲೇ ಎರಡು ಹಿಡಿ ಹಾಕಿದಳು.

ಈಗ ಸ್ಟ್ಯಾಂಡು ಬದಲಾಗಿದೆ, ಕಂಪನಿ ಪಾಕೀಟಿನ ಮಾಲೆಗಳು ಮಾತ್ರ ಹಾಗೇ ತೂಗುತ್ತಿವೆ. ಕಾಕು ಇಲ್ಲ. ತಗಡು ಬಡಿಯುವವರೂ ಇಲ್ಲ...

ಕೊನೆಯ ಸಲ ಆಕೆಯನ್ನು ಕಂಡಾಗ ಕೂಸನ್ನು ಎತ್ತಿಕೊಂಡು ಮುದ್ದೇಬಿಹಾಳದ ಗಂಡನ ಮನೆಗೆ ಹೊರಟಿದ್ದೆ. ಬಸ್ಸು ಅಲುಗಿತ್ತು. ಢಬ್ ಢಬ್! ಕಿಟಕಿಯಾಚೆ ಏದುಸಿರು ಬಿಡುತ್ತ ಕಾಕು.

"ಪಾಕೀಟೆಲ್ಲಾ ಖಾಲಿ ಆಗ್ಯಾವ ತಂಗಿ!" ಎಂದು ಬಾಯಿ ತುಂಬ ನಕ್ಕು, ಬುಟ್ಟಿಯ ತಳ ಬಳಿದು ನನ್ನ ಅಂಗೈಗೆ ಸುರಿದಳು.

"ತಗೋ, ಬರೇ ಕೊಸರ."