ಕರ್ತರು ಕೊಡದ ಕಥೆ

ಎಕಂಬಾದ ಎಸ್ತೇರಬಾಯಿಯನ್ನು ಮಾತಿನಲ್ಲಿ ಸೋಲಿಸಿದವರು ಔರಾದ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಬಸ್ಸು ತಡವಾದರೆ ಬಸ್ಸಿಗೇ ಬೈಯುವಳು. ಮಳೆ ತಡವಾದರೆ ಸೀದಾ ದೇವರಿಗೇ. "ನಿನಗ ಕಿವಿ ಕೇಳಸ್ತದೋ ಇಲ್ಲೋ?" ಎಂದು ಪ್ರಾರ್ಥನೆಯ ನಡುವೆಯೇ ಜಗಳ ತೆಗೆದು, ಆಮೇಲೆ ಆಮೆನ್ ಹೇಳಿ, ಏನೂ ಆಗಿಲ್ಲವೆಂಬಂತೆ ಎದ್ದು ಚಹಾಕ್ಕೆ ನೀರಿಡುವಳು. ಕ್ರೈಸ್ತ ಸಭೆಯವರು ಅವಳನ್ನು ಬೈಬಲ್ ಬಾಯಿ ಎಂದು ನೇಮಿಸಿದ್ದರು. ಅಂದರೆ ಊರೂರು ನಡೆದು, ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಬೈಬಲ್ಲಿನ ಕಥೆ ಹೇಳುವ ಕೆಲಸ. ಬಗಲಲ್ಲಿ ಕೊಡೆ, ಚೀಲದಲ್ಲಿ ಬಣ್ಣದ ಚಿತ್ರದ ಕಾರ್ಡುಗಳು, ಬಾಯಲ್ಲಿ ಎಲೆ ಅಡಿಕೆ.

ಕಥೆಯನ್ನು ಇದ್ದಂತೆ ಹೇಳುವುದು ಮಾತ್ರ ಅವಳ ಕೈಲಾಗುತ್ತಿರಲಿಲ್ಲ. ಯೋನನನ್ನು ನುಂಗಿದ ಮೀನಿನ ಕಥೆ ಹೇಳುವಾಗ ಯಾರೋ ಮುದುಕಿ, "ಆ ಮೀನಿಗಿ ಮಕ್ಕಳಿದ್ದವೇನ್ ಬಾಯಿ?" ಎಂದು ಕೇಳಿದರೆ, "ಇರಲಾರದ ಏನವ್ವ? ಅವು ಪಾಪ, ನಮ್ಮವ್ವಗ ಯಾಕ ಹೊಟ್ಟಿ ನೋಯ್ತದಂತ ಸುತ್ತಲೂ ತಿರಗತಿದ್ದವು" ಎಂದು ಶುರುಮಾಡುವಳು. ಬೀದರದ ಪಾಸ್ಟರ್ ಸಮುವೇಲಪ್ಪನವರ ಕಿವಿಗೆ ಇದು ಬಿದ್ದಾಗ ಕರೆದು ಗದರಿಸಿದರು. "ಬಾಯೇರ, ಪುಸ್ತಕದಾಗ ಇಲ್ಲದ್ದು ಸೇರಸಬ್ಯಾಡ್ರಿ." ಇವಳು ತಲೆ ತಗ್ಗಿಸಿ ಹೂಂ ಅಂದಳು. ಮರುವಾರ ಮೀನಿನ ಮಕ್ಕಳಿಗೆ ಮದುವೆಯನ್ನೂ ಮಾಡಿಸಿದಳು.

ಎಪ್ಪತ್ತೆರಡರ ಬರ ಬಂತು ನೋಡಿ, ಅವಳ ಬಾಯಿ ಕಟ್ಟಿಹೋಯಿತು. ಜನ ಹೈದರಾಬಾದಿಗೆ, ಸೊಲ್ಲಾಪುರಕ್ಕೆ, ಮುಂಬೈಗೆ ಗುಳೆ ಎದ್ದರು. ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟು ಹೋದ ಓಣಿಗಳಲ್ಲಿ ಯಾರಿಗೆ ಕಥೆ ಹೇಳುವುದು? ನಾಲ್ಕು ಹೆಜ್ಜೆ ನಡೆದರೆ ಒಂದು ನಾಯಿ ಸಿಗುತ್ತಿತ್ತು, ಅದಕ್ಕೂ ಕೇಳುವ ತ್ರಾಣ ಇರಲಿಲ್ಲ. ಕೊನೆಗೆ ಹೇಳದೆ ಉಳಿದ ಕಥೆಗಳನ್ನು ಚಿತ್ರದ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಿಂದ ಬರೆಯತೊಡಗಿದಳು. ಒಂದನ್ನು ಸಭೆಯ ಮಾಸಪತ್ರಿಕೆಗೆ ಕಳಿಸಿದಳು. ಅದು ಅಚ್ಚಾಯಿತು. ಅಲ್ಲಿಗೆ ಎಸ್ತೇರಬಾಯಿ ಕಥೆಗಾರ್ತಿಯಾದಳು, ಮತ್ತು ಆ ಪತ್ರಿಕೆಯನ್ನು ಓದು ಬಾರದವರಿಗೂ ತೋರಿಸಿ ಬಂದಳು.

ಅವಳ ಜೀವದ ಗೆಳತಿ ಮೀರಾಬಾಯಿ. ಇಬ್ಬರೂ ಚಿಕ್ಕಂದಿನಲ್ಲಿ ಬೀದರದ ಸಭೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಎಸ್ತೇರ ಮಾತಾಡುತ್ತ ಕೂತರೆ ಮೀರಾ ಸುಮ್ಮನೆ ಅವಳ ಪಾಲಿನ ರೊಟ್ಟಿಯನ್ನೂ ತಿಂದು ಮುಗಿಸುತ್ತಿದ್ದಳು. ಮಾತು ಕಡಿಮೆ, ಆಡಿದರೆ ಮಾತ್ರ ಅದೇ ಕೊನೆ. ಮೆಹಕರದ ಗೌಂಡಿ ಮಾಣಿಕನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ, ಆದರೆ ಗಂಡಹೆಂಡಿರ ಪ್ರೀತಿಗೆ ಕೊರತೆ ಇರಲಿಲ್ಲ. ಬರದಲ್ಲಿ ಯಾರು ಮನೆ ಕಟ್ಟಿಸುತ್ತಾರೆ? ಮಾಣಿಕ ಕರಣಿ ಹಿಡಿದುಕೊಂಡು ಒಂದು ಗುಂಪಿನ ಜೊತೆ ಮುಂಬೈಗೆ ಹೋದ. ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ನಿಂತಿತು. ಜೊತೆಗೆ ಹೋದವರು ತಿರುಗಿ ಬಂದಾಗ ಒಬ್ಬ, ಅಂವ ಬೇರೆ ಕೆಲಸಕ್ಕೆ ಹೋದ ಎಂದ. ಇನ್ನೊಬ್ಬ, ಅಂವಗ ಜ್ವರ ಬಂದಿತ್ತು ಎಂದ. ಮೂರನೆಯವನು ಮೀರಾಳ ಮುಖವನ್ನೇ ನೋಡಲಿಲ್ಲ.

ಮೆಹಕರದ ಬಾವಿ ಬತ್ತಿತು, ಅಕ್ಕಪಕ್ಕದವರು ಹೋದರು. ಮೀರಾ ಹೋಗಲಿಲ್ಲ. "ನಾ ಕೀಲಿ ಹಾಕಿ ಹೋದ ಮ್ಯಾಲ ಅಂವ ಬಂದ್ರ ಹ್ಯಾಂಗ ಅಕ್ಕ?" ಎನ್ನುವಳು. ಅವಳ ಕೈಯ ಮೂಳೆ ಎಣಿಸುವಂತಾಗಿದ್ದನ್ನು ಎಸ್ತೇರಬಾಯಿ ಕಂಡಳು. ಈ ಹುಡುಗಿ ಹೀಗೇ ಕೂತರೆ ಬೇಸಿಗೆ ದಾಟುವುದಿಲ್ಲ.

ಅಷ್ಟರಲ್ಲಿ ಬೀದರದಲ್ಲಿ ಕ್ರೈಸ್ತ ಕಥೆಗಾರರ ಸಮ್ಮೇಳನ ಎಂದು ಕರೆ ಬಂತು. ಜೊತೆಗೇ ಇನ್ನೊಂದು ಸುದ್ದಿ: ಸಮ್ಮೇಳನ ನಡೆಯುವ ಸಭೆಯ ಕಂಪೌಂಡಿನಲ್ಲೇ ಇರುವ ಹಾಸ್ಟೆಲಿಗೆ ಅಡುಗೆಯವಳು ಬೇಕಾಗಿದ್ದಾಳೆ, ಇರಲು ಕೋಣೆ, ಎರಡು ಹೊತ್ತು ಊಟ. ಎಸ್ತೇರಬಾಯಿ ಹಾಸ್ಟೆಲ್ ನೋಡಿಕೊಳ್ಳುವ ದೊಡ್ಡಬಾಯಿಯವರ ಕೈಕಾಲು ಹಿಡಿದು, ಸಮ್ಮೇಳನ ಮುಗಿಯುವವರೆಗೆ ಆ ಜಾಗ ಬೇರೆಯವರಿಗೆ ಕೊಡಬೇಡಿ ಎಂದು ಒಪ್ಪಿಸಿದಳು. ಆಮೇಲೆ ಮೆಹಕರಕ್ಕೆ ಹೋಗಿ, "ನನ್ನ ಕಥಿ ಕೇಳಾಕ ಒಬ್ಬರಾದ್ರೂ ನಮ್ಮವರು ಬ್ಯಾಡೇನ?" ಎಂದು ಮುಖ ಸಣ್ಣದು ಮಾಡಿ ಮೀರಾಳನ್ನು ಭಾಲ್ಕಿಯಿಂದ ರೈಲು ಹತ್ತಿಸಿದಳು. ಕೆಲಸದ ಮಾತನ್ನು ರೈಲಿನಲ್ಲಿ ತೆಗೆದಳು, ಮೀರಾ ನೋಡೋಣ ಅಂದಳು.

ಸಮ್ಮೇಳನ ಅಂದರೆ ಭಾರಿ ಸಮ್ಮೇಳನವೇ. ಚರ್ಚಿನ ಗುಡಿಯಂಗಳದಲ್ಲಿ ಶಾಮಿಯಾನ, ಹಂಡೆಯಲ್ಲಿ ಚಹಾ. ದವಾಖಾನೆಯ ಕಾಂಪೌಂಡರ್ ದಾವೀದಪ್ಪನ ಕಥೆಗಳಲ್ಲಿ ಪಾಪಿಗಳೆಲ್ಲ ಹಾವು ಕಚ್ಚಿ ಸಾಯುತ್ತಿದ್ದರು. ಕಮಠಾಣದ ಮಾಸ್ತರರ ಕುಡುಕರೆಲ್ಲ ಕೊನೆಯ ಪುಟದಲ್ಲಿ ಮೊಣಕಾಲೂರುತ್ತಿದ್ದರು. ಆದರೆ ಯಾರೇ ಓದಲು ನಿಲ್ಲಲಿ, ಮೊದಲು ಒಂದು ಮಾತು ಹೇಳುವ ರೂಢಿ. ಪ್ರಾರ್ಥನಾಕೂಟದಲ್ಲಿ ಎದ್ದು ನಿಂತು, ಕರ್ತರಾದ ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುವವರು ತಲೆತಲಾಂತರದಿಂದ ಹೇಳುತ್ತ ಬಂದ ಮಾತು ಅದು: "ಕರ್ತರು ನನಗ ಕೊಟ್ಟದ್ದನ್ನ ನಿಮಗ ಕೊಡ್ತೇನಿ." ಕೂತವರೆಲ್ಲ "ಸ್ತೋತ್ರ" ಅನ್ನಬೇಕು. ದಾವೀದಪ್ಪ ಕೂಡ ಆ ಮಾತು ಹೇಳಿಯೇ ಹಾವು ಬಿಟ್ಟ.

ಎರಡನೆಯ ದಿನ ಎಸ್ತೇರಬಾಯಿಯ ಸರದಿ ಬಂತು. "ಕರ್ತರು ನನಗ ಕೊಟ್ಟದ್ದನ್ನ ನಿಮಗ ಕೊಡ್ತೇನಿ" ಎಂದು ರೂಢಿಯಂತೆ ಹೇಳಿ ಕಾರ್ಡು ತಿರುವಿದಳು. ಗುಳೆ ಹೋದ ಒಬ್ಬ ಗೌಂಡಿಯ ಕಥೆ. ಎಲ್ಲರೂ ಸತ್ತನೆಂದು ಕೈಬಿಟ್ಟವನು, ಒಂದು ಸಂಜೆ ಹೆಂಡತಿ ಪ್ರಾರ್ಥನೆಗೆ ಕೂತಿರುವಾಗ ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೆಮ್ಮುತ್ತಾನೆ. ಅವಳು ತಿರುಗಿ ನೋಡದೆಯೇ, "ಕಾಲು ತೊಳಕೋರಿ, ರೊಟ್ಟಿ ಬಡೀತೇನಿ" ಅನ್ನುತ್ತಾಳೆ. ಶಾಮಿಯಾನದಲ್ಲಿ ಸೆರಗಿನಿಂದ ಮೂಗು ಒರೆಸುವ ಸದ್ದು. ಮಾಸ್ತರರೂ ಕನ್ನಡಕ ತೆಗೆದರು. ಎಸ್ತೇರಬಾಯಿಗೆ ನೆಲದ ಮೇಲೆ ಕಾಲೇ ನಿಲ್ಲಲೊಲ್ಲದು.

ನೀರಿನ ಬಂಡಿ ತಂದಿದ್ದ ಫಕ್ರೋದ್ದೀನ ಎತ್ತಿನ ಹಗ್ಗ ಹಿಡಿದೇ ಪೂರ್ತಿ ಕೇಳಿದ್ದ. "ವಾಹ್ ಬಾಯಿ! ಎಷ್ಟು ಚಂದ ಸುಳ್ಳ ಹೇಳ್ತೀರಿ! ನಮ್ಮ ಮನಿಯಾಕಿಗಿ ಹೋಗಿ ಹೇಳಬೇಕಿದು" ಎಂದ. ಅವನು ಹೊಗಳಿದ್ದೇ ಹೌದು. ಎಸ್ತೇರಬಾಯಿ ನಕ್ಕಳು.

ಆ ನಗು ಮುಗಿಯುವ ಮೊದಲೇ ಮೀರಾ ಬಂದು ಅವಳ ಎರಡೂ ಕೈ ಹಿಡಿದಳು. ಎಷ್ಟೋ ದಿನದಿಂದ ಆ ಮುಖದಲ್ಲಿ ಇಂಥ ಕಳೆ ಇರಲಿಲ್ಲ. "ಅಕ್ಕ, ಅದು ನನಗಂತ ಬಂದ ಮಾತು. ಬಾಗಲದಾಗ ನಿಂತು ಕೆಮ್ಮೋದು ನಮ್ಮವರ ಚಾಳಿ. ಕರ್ತರಲ್ಲದ ನಿನಗ ಯಾರು ಹೇಳ್ಯಾರ ಅದನ್ನ? ದೊಡ್ಡಬಾಯಿಯವರಿಗಿ ಹೇಳಿ ಬಂದೇನಿ, ಕೆಲಸ ಬ್ಯಾಡಂತ. ನಾಳಿ ಸಂಜಿ ರೈಲಿಗಿ ಊರಿಗಿ ಹೋಗ್ತೇನಿ. ಅಂವ ಬರೂದ್ರೊಳಗ ಮನಿ ಸಾರಿಸಿ ಇಡಬೇಕು."

ಅಯ್ಯೋ ದೇವರೇ! ಯಾರು ಹೇಳುವುದೇನು ಬಂತು, ಹಿಂದೊಮ್ಮೆ ಹಬ್ಬಕ್ಕೆಂದು ಮೆಹಕರಕ್ಕೆ ಹೋದಾಗ ಆ ಕೆಮ್ಮು ಎಸ್ತೇರಬಾಯಿಯೇ ಕೇಳಿದ್ದಳು. ಗೆಳತಿಯ ಗಂಡನ ಕೆಮ್ಮನ್ನು ಕದ್ದು ಕಥೆಗೆ ಹಾಕಿದ್ದಳು. ಈಗ ಆ ಕೆಮ್ಮೇ ಮೀರಾಳನ್ನು ಒಣ ಬಾವಿಯ ಊರಿಗೆ ಸಾಯಲು ಕರೆಯುತ್ತಿದೆ.

ಎಸ್ತೇರಬಾಯಿ ಪಾಸ್ಟರ್ ಸಮುವೇಲಪ್ಪನವರ ಬಳಿ ಓಡಿದಳು. ಒಳ್ಳೆಯ ಮನುಷ್ಯ, ಗಡಿಬಿಡಿಯ ಮನುಷ್ಯ ಅಲ್ಲ. ಎಲ್ಲ ಕೇಳಿ, "ಅಕಿ ವಿಶ್ವಾಸ ಕೆಡಸಬ್ಯಾಡ್ರಿ ಬಾಯೇರ. ಕರ್ತರು ಕೊಟ್ಟಿಲ್ಲಂತ ಹೇಳಾಕ ನಾವ್ಯಾರು? ಖರೇನೇ ಕೊಟ್ಟಿರಬಹುದು" ಅಂದರು.

"ಕೊಟ್ಟಿಲ್ರಿ ಅಯ್ಯನೋರ! ಒಲಿ ಮುಂದ ಕುಂತು ನಾನೇ ಕಟ್ಟೇನಿ. ಅಂವಗ ಮೀಸಿ ಇಡಬೇಕೋ ಬ್ಯಾಡೋ ಅಂತ ಎರಡ ದಿನ ವಿಚಾರ ಮಾಡೇನಿ. ಕರ್ತರು ಕೊಟ್ಟಿದ್ರ ಮೀಸಿ ಸಮೇತ ಕೊಡ್ತಿದ್ದಿಲ್ಲೇನ್ರಿ?"

ಪಾಸ್ಟರಿಗೆ ನಗು ಬಂದು ತಡೆದುಕೊಂಡರು. "ಜನರ ಮುಂದ ಹೇಳಿದ್ರ ನಿಮ್ಮ ಕಥಿ ಮತ್ತ ಯಾರೂ ನಂಬಂಗಿಲ್ಲ, ನೋಡ್ರಿ."

ಅದು ಅವಳಿಗೂ ಗೊತ್ತಿತ್ತು. ಬರ ಬಂದ ಮೇಲೆ ಅವಳಿಗೆ ದಕ್ಕಿದ್ದ ಒಂದೇ ಒಂದು ಸುಖ ಅದು, ಜನ ಕೂತು ಕೇಳುವುದು. ಅದೂ ಹೋಗಲಿ. ಆದರೆ ಮೀರಾ? ನಿಜ ಹೇಳಿದರೆ ಮೀರಾ ಮುಖ ನೋಡುತ್ತಾಳೋ ಇಲ್ಲವೋ. ಹೇಳದಿದ್ದರೆ ನೋಡಲು ಮೀರಾಳೇ ಇರುವುದಿಲ್ಲ. ಇಷ್ಟು ಸೀದಾ ಲೆಕ್ಕಕ್ಕೂ ಅವಳ ಜೀವ ಒದ್ದಾಡಿತು.

ಕೊನೆಯ ದಿನ ಬೆಳಗಿನ ಸಾಕ್ಷಿಕೂಟದಲ್ಲಿ ಎದ್ದು ನಿಂತಳು. ಜನ ಇನ್ನೊಂದು ಕಥೆ ಎಂದು ನೆಟ್ಟಗೆ ಕೂತರು. "ನಿನ್ನಿ ನಾ ಓದಿದ್ದು ಕರ್ತರು ಕೊಟ್ಟದ್ದಲ್ರಿ" ಎಂದಳು. "ನಾ ಕಟ್ಟಿದ್ದು. ರೂಢಿ ಮಾತು ಹೇಳಿ ಓದಿಬಿಟ್ಟೆ. ಮಾಣಿಕ ಬರ್ತಾನೋ ಇಲ್ಲೋ, ನನಗ ಯಾರೂ ಹೇಳಿಲ್ಲ. ನನಗೇನೂ ಗೊತ್ತಿಲ್ಲ." ಯಾರೂ ಸ್ತೋತ್ರ ಅನ್ನಲಿಲ್ಲ. ದಾವೀದಪ್ಪ ತನ್ನ ಹಾಳೆಗಳನ್ನು ಮೆಲ್ಲಗೆ ಮಡಚಿ ಜೇಬಿಗೆ ಹಾಕಿಕೊಂಡ. ಮೀರಾ ಎದ್ದು, ತನ್ನ ಗಂಟು ತೆಗೆದುಕೊಂಡು ಹೊರಗೆ ನಡೆದಳು.

ಕಂಪೌಂಡಿನ ಹುಣಸೆಮರದ ಕೆಳಗೆ ಸಿಕ್ಕಳು. ಎಸ್ತೇರಬಾಯಿ ಹೋಗಿ ಸ್ವಲ್ಪ ದೂರದಲ್ಲಿ ಕೂತಳು, ಹತ್ತಿರ ಕೂರುವ ಧೈರ್ಯ ಬರಲಿಲ್ಲ.

"ನಿನ್ನಿ ಕೊಟ್ಟಿ, ಇವತ್ತು ಕಸಗೊಂಡಿ" ಎಂದಳು ಮೀರಾ. "ಅಂವ ಮುಂಬೈಗಿ ಹೋದಾಗೂ ನನಗ ಇಷ್ಟ ಸಂಕಟ ಆಗಿದ್ದಿಲ್ಲ."

"ಬೈಯವ್ವ. ಹೊಡದ್ರೂ ಹೊಡಿ. ಆದ್ರ ಆ ಖಾಲಿ ಊರಾಗ ನೀ ಒಬ್ಬಾಕಿ ಕುಂತು ಒಣಗೋದು ನನಗ ನೋಡಾಕ ಆಗಂಗಿಲ್ಲ, ಮೀರಾ. ನೀ ಹೋದ್ರ ನನಗ್ಯಾರಿದ್ದಾರ?" ಅಷ್ಟು ಹೇಳಿ ಎಸ್ತೇರಬಾಯಿ ಗೊಳೋ ಎಂದು ಅತ್ತಳು. ಮರದ ಮೇಲಿನ ಕಾಗೆ ಹಾರಿಹೋಯಿತು.

ಮೀರಾ ಅಳಲಿಲ್ಲ. ಮಡಿಲಿನ ಗಂಟನ್ನು ಸರಿಮಾಡಿಕೊಂಡು ಕೇಳಿದಳು. "ಹಂಗಾದ್ರ ಕರ್ತರು ನಿನಗ ಏನೂ ಹೇಳಿಲ್ಲ?"

"ಏನೂ ಇಲ್ಲವ್ವ."

"ಅದೂ ಖರೆ. ನನ್ನ ಗಂಡನ ಸುದ್ದಿ ಹೇಳೋದಿದ್ರ ನನಗ ಹೇಳತಾನ. ನಿನಗ್ಯಾಕ ಹೇಳತಾನ? ನಿನಗ ಹೇಳಿದ್ರ ನೀ ಅದಕ್ಕ ನಾಲ್ಕ ಸೇರಸ್ತಿ."

ಎಸ್ತೇರಬಾಯಿ ಅಳುತ್ತಲೇ ನಕ್ಕುಬಿಟ್ಟಳು. ಮೀರಾಳ ತುಟಿಯೂ ಒಂದಿಷ್ಟು ಅಲುಗಿತು. ಆಮೇಲೆ ಗಂಟನ್ನು ಮಡಿಲಿನಿಂದ ಕೆಳಗಿಟ್ಟು, ಹಾಸ್ಟೆಲಿನ ಅಡುಗೆಮನೆಯ ಕಡೆ ನೋಡಿದಳು. "ನಾ ಕಾಯೋದು ಬಿಡಂಗಿಲ್ಲ ಅಕ್ಕ. ಅದನ್ನ ಮಾತ್ರ ಹೇಳಬ್ಯಾಡ. ಒಲಿ ಮುಂದ ನಿಂತೂ ಕಾಯಬಹುದು. ಆದ್ರ ಅಂವ ಬಂದು ಕೀಲಿ ನೋಡಿ ಹೊಳ್ಳಿ ಹೋಗಬಾರದು. ನೀ ಬರೆಯಾಕಿ ಇದ್ದಿಯಲ್ಲ, ಮೆಹಕರಕ್ಕ ಹೋಗು. ನಮ್ಮ ಬಾಗಲದ ಮ್ಯಾಲ ಬರಿ, ಮೀರಾ ಬೀದರದಾಗ ಇದ್ದಾಳಂತ. ದೊಡ್ಡ ಅಕ್ಷರದಾಗ, ಅಂವಗ ಸಣ್ಣವು ಓದಾಕ ಬರಂಗಿಲ್ಲ."

"ಸುಣ್ಣದಾಗ ಬರೀತೇನಿ."

"ಸುಣ್ಣ ಬ್ಯಾಡ. ಮಳಿಗಿ ಹೋಗ್ತದ. ಡಾಂಬರದಾಗ ಬರಿ."

ಎಸ್ತೇರಬಾಯಿ ತಲೆ ಎತ್ತಿ ಆಕಾಶ ನೋಡಿದಳು. ಅಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ. ಗೆಳತಿಯ ಮುಖ ನೋಡಿದಳು, ಅಲ್ಲಿ ಸಂಶಯ ಇರಲಿಲ್ಲ. ಆ ಮೂರು ದಿನ ಕೇಳಿದ ಅಷ್ಟೂ ಕಥೆಗಳಲ್ಲಿ ಇಂಥ ವಿಶ್ವಾಸ ಎಲ್ಲೂ ಇರಲಿಲ್ಲ ಅನ್ನಿಸಿತು. ಎದ್ದು ಸೀರೆ ಕೊಡವಿಕೊಂಡು, ದೊಡ್ಡಬಾಯಿಯವರ ಕೋಣೆಗೆ ಅವಳನ್ನು ಕೈಹಿಡಿದು ಕರೆದೊಯ್ದಳು.

ಮುಂದಿನ ವಾರ ಮೆಹಕರದ ಹತ್ತಿರ ಬರಗಾಲದ ರಸ್ತೆ ಕಾಮಗಾರಿಯವರನ್ನು ಕಾಡಿಬೇಡಿ ಒಂದು ಡಬ್ಬಿ ಡಾಂಬರು ಇಸಿದುಕೊಂಡು, ಕಡ್ಡಿಗೆ ಬಟ್ಟೆ ಸುತ್ತಿ, ಮುಚ್ಚಿದ ಬಾಗಿಲ ಮುಂದೆ ನಿಂತಳು. ಮೀರಾ ಕಟ್ಟಪ್ಪಣೆ ಮಾಡಿದ್ದಳು, ಒಂದಕ್ಷರ ಸುಳ್ಳು ಸೇರಿಸಬಾರದು. ಬರೆದಳು: ಮಾಣಿಕ, ಮೀರಾ ಬೀದರದಾಗ ಇದ್ದಾಳ. ಹೆಣ್ಣುಮಕ್ಕಳ ಹಾಸ್ಟೆಲ್. ಅಲ್ಲಿಗೆ ಮುಗಿಯಬೇಕಿತ್ತು. ಕಡ್ಡಿ ಕೆಳಗಿಡಲು ಕೈ ಒಪ್ಪಲಿಲ್ಲ. ಇನ್ನೊಂದು ಸಾಲು ತುದಿಗೆ ಬಂದು ನಿಂತಿತ್ತು. ಅದು ಖರೆಯೋ ಅಲ್ಲವೋ ಎಂದು, ಆಯುಷ್ಯದಲ್ಲೇ ಮೊದಲ ಸಲ, ಎರಡೆರಡು ಬಾರಿ ವಿಚಾರ ಮಾಡಿದಳು. ಖರೆಯೇ ಆಗಿತ್ತು. ಬಾಗಿಲ ಹಲಗೆಯ ಉಳಿದ ಜಾಗದಲ್ಲಿ ಅದನ್ನೂ ದೊಡ್ಡದಾಗಿ ಬರೆದಳು: ಹಸಿದು ಬಂದ್ರೂ ಬಾ. ಅಲ್ಲಿ ಊಟ ಅದ.