ಶಾಂತವ್ವನ ಹೆಸರು ನಾನೇ ಬರೆದೆ

ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ರಕ್ತದಲ್ಲಿ ಕಂಡದ್ದು, ಕಾಗದದ ಮೇಲೆ ಬಂದದ್ದು, ಇಷ್ಟನ್ನೇ ನಂಬಿ ದುಡಿದವಳು. ಆದರೂ ಆ ಮಧ್ಯಾಹ್ನದ ಸಂಗತಿ ಹೇಳದೆ ಇರಲಾಗುತ್ತಿಲ್ಲ. ನಗುವವರು ನಗಲಿ.

ಕೊಪ್ಪಳ ಜಿಲ್ಲೆಯಲ್ಲಿ ನಾನು ಆಪ್ತ ಸಮಾಲೋಚಕಿ. ಬಸುರಿಯರ ರಕ್ತಪರೀಕ್ಷೆಯಲ್ಲಿ ಲೈಂಗಿಕ ಸೋಂಕು ಕಂಡರೆ ಅವರನ್ನು ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ. ನಮ್ಮ ವರದಿಗಳಲ್ಲಿ ಹೆಂಗಸರ ಕಾಲಂ ತುಂಬಿರುತ್ತದೆ, ಗಂಡಸರದು ಖಾಲಿ. ಒಮ್ಮೆ ಸಭೆಯಲ್ಲಿ ಸಾಹೇಬರೊಬ್ಬರು ಅದನ್ನು ನೋಡಿ, "ಹೆಣ್ಮಕ್ಕಳೊಳಗ ಭಾಳ ಐತಲ್ರಿ ಇದು" ಅಂದರು. ನನಗೆ ಮೈಯೆಲ್ಲ ಉರಿಯಿತು. ಅಲ್ಲ ಸ್ವಾಮಿ, ಪರೀಕ್ಷೆಗೆ ಕೈ ಚಾಚುವವರು ಬಸುರಿಯರು ಮಾತ್ರ. ಗಂಡಸರಿಗೆ ಸೂಜಿ ಮುಟ್ಟಿಸದೆ ರೋಗ ಯಾರಲ್ಲಿ ಹೆಚ್ಚು ಅಂತ ಹೇಗೆ ತಿಳಿಯಿತು ನಿಮಗೆ?

ಅದರ ಮೇಲೆ ನಮ್ಮ ಪದ್ಧತಿ ಬೇರೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಗಂಡನ ಮನೆ ಗಂಗಾವತಿ ಕಡೆ, ತವರು ಯಲಬುರ್ಗಾ ಕಡೆ. ರಕ್ತ ಇಲ್ಲಿ, ಗಂಡ ಅಲ್ಲಿ. ಇವಳಿಗೆ ವಾಸಿ ಮಾಡಿ ಕಳಿಸುತ್ತೇವೆ, ಅವನು ಮತ್ತೆ ಹಚ್ಚುತ್ತಾನೆ. ರಿಜಿಸ್ಟರಿನಲ್ಲಿ 'ಗಂಡ' ಅನ್ನುವ ಕಡೆ ನಾವು ಕೇಳದೇ 'ಊರಲ್ಲಿಲ್ಲ' ಅಂತ ಗೀಚುತ್ತೇವೆ.

ನಾಲ್ಕು ವರ್ಷದ ಹಿಂದೆ, ಯಲಬುರ್ಗಾ ಸೀಮೆಯಲ್ಲಿದ್ದಾಗ, ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ತವರಿಗೆ ಬಂದಿದ್ದ ರೇಣವ್ವ ಅನ್ನುವ ಬಸುರಿ ಬಂದಳು. ಸಿಫಿಲಿಸ್ ಇತ್ತು. ಸರಿಯಾಗಿ ಚಿಕಿತ್ಸೆಯಾಗದಿದ್ದರೆ ಹೊಟ್ಟೆಯ ಕೂಸು ಉಳಿಯುವುದು ಕಷ್ಟ. ಎಂದಿನಂತೆ ಬಾಗಿಲ ಚಿಲಕ ಹಾಕಿ ಕೂತೆ. ಹಸಿರು ಸೀರೆಯ ಇನ್ನೊಬ್ಬಳು ಗೋಡೆಗೆ ಒರಗಿ ನಿಂತಿದ್ದಳು. ಅಕ್ಕನಿರಬೇಕು ಅಂದುಕೊಂಡೆ. ನಾನು 'ಊರಲ್ಲಿಲ್ಲ' ಬರೆಯಲು ಪೆನ್ನು ಊರಿದ್ದೆ. ಆ ಹಸಿರು ಸೀರೆಯವಳು ಬಾಯಿಬಿಟ್ಟಳು.

"ಗಂಡನ್ನ ಕರಸ್ರಿ ಅಕ್ಕಾರ. ಇಕಿಗಷ್ಟ ಸೂಜಿ ಹಾಕಿ ಕಳಿಸಿದ್ರ ನನ್ನ ಗತೀನ ಇಕಿಗೂ ಬರ್ತೈತಿ."

"ನಿನ್ನ ಹೆಸರೇನವ್ವಾ?"

"ಶಾಂತವ್ವ."

'ಜೊತೆಗೆ ಬಂದವರು' ಅನ್ನುವಲ್ಲಿ ಬರೆದುಕೊಂಡು ತಲೆ ಎತ್ತಿದೆ. ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಚಿಲಕ ಹಾಕಿದಂತೆಯೇ ಇತ್ತು.

"ನಿಮ್ಮಕ್ಕ ಶಾಂತವ್ವ ಎಲ್ಲಿ ಹೋದ್ಳು?" ಅಂದೆ.

ರೇಣವ್ವ ಕುರ್ಚಿ ಹಿಂದಕ್ಕೆ ಸರಿಸಿದಳು. "ನಾ ಒಬ್ಬಾಕೀನ ಬಂದೀನ್ರಿ. ನೀವ ಆವಾಗಿಂದ ಗ್ವಾಡಿ ಜೋಡಿ ಮಾತಾಡಾಕತ್ತೀರಿ. ಶಾಂತವ್ವ ಅಂದ್ರ ನನ್ನ ಗಂಡನ ಮೊದಲಿನ ಹೇಣ್ತಿ. ಹೆರಿಗ್ಯಾಗ ಕೂಸಿನ ಜೋಡಿನ ಸತ್ತು ಮೂರು ವರ್ಷಾತ್ರಿ."

ನನಗೂ ಅಂಜಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂಜಿಕೆಗಿಂತ ಸಿಟ್ಟೇ ದೊಡ್ಡದಾಯಿತು. ಆ ಗಂಡನಿಗೆ ಬಿಡದೆ ಫೋನು ಮಾಡಿದೆ. ಮೂರನೇ ದಿನ ಗೊಣಗುತ್ತ ಬಂದ. ಅವನಿಗೂ ಸೋಂಕಿತ್ತು. ಇಬ್ಬರಿಗೂ ಚಿಕಿತ್ಸೆಯಾಯಿತು. ರೇಣವ್ವ ಗಟ್ಟಿಮುಟ್ಟಾದ ಹೆಣ್ಣು ಕೂಸು ಹೆತ್ತಳು.

ಶಾಂತವ್ವನ ತವರು ಕುಷ್ಟಗಿ ಕಡೆ ಅಂತ ಅವನೇ ಹೇಳಿದ್ದ. ಯಲಬುರ್ಗಾಕ್ಕೆ ಬರುವ ಮುಂಚೆ ನಾನು ಕೆಲಸ ಮಾಡುತ್ತಿದ್ದದ್ದು ಆ ಸೀಮೆಯಲ್ಲೇ. ಹೋಗಿ ಹಳೆಯ ರಿಜಿಸ್ಟರು ತೆಗೆಸಿದೆ. ಶಾಂತವ್ವ, ಸಿಫಿಲಿಸ್. ಗಂಡ: ಊರಲ್ಲಿಲ್ಲ. ಅಕ್ಷರ ನನ್ನವೇ.

ಮರೆತ ಹೆಸರನ್ನು ನನ್ನ ಮನಸ್ಸೇ ಕೆದಕಿ ತೆಗೆಯಿತು ಅನ್ನಿ, ಒಪ್ಪುತ್ತೇನೆ. ಆದರೆ ರೇಣವ್ವನ ಗಂಡನೇ ಶಾಂತವ್ವನ ಗಂಡ ಅಂತ, ರೇಣವ್ವ ಬಾಯಿಬಿಡುವ ಮೊದಲೇ ನನ್ನ ಮನಸ್ಸಿಗೆ ಹೇಳಿದವರು ಯಾರು?

ಕೊನೆಯ ಸೂಜಿಗೆ ಬಂದ ದಿನ ಆ ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದೆ. ಶಾಂತವ್ವನ ಕಾಲಕ್ಕೇ ಯಾಕೆ ಬರಲಿಲ್ಲ, ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೂಗಾಡಿದ್ದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

"ಅವತ್ತ ಕುಷ್ಟಗಿ ದವಾಖಾನಿಗೆ ಆಕೀನ ಗಾಡಿ ಮ್ಯಾಲೆ ಕರಕೊಂಡು ಬಂದಾಂವ ನಾನರಿ ಅಕ್ಕಾರ. ಹೊರಗ ಬೇವಿನ ಗಿಡದ ಕೆಳಗ ಕುಂತಿದ್ದೆ. ಯಾರೂ ಕರೀಲಿಲ್ಲ."

'ಊರಲ್ಲಿಲ್ಲ' ಅನ್ನುವ ಆ ಒಂದು ಶಬ್ದ ಗೀಚುವ ಮುಂಚೆ ಎದ್ದು ಹೊರಗೊಮ್ಮೆ ನೋಡಿದ್ದರೆ ನನ್ನ ಕಾಲೇನು ಸವೆಯುತ್ತಿದ್ದವೇ?