‘ಅರೈವ್ಡ್’ ಖಾನೆ

ವಿಶಾಖಪಟ್ಟಣ ಬಂದರಿನ ಎದುರು, ಹಡಗು ಏಜೆಂಟರ ಆಫೀಸೊಂದರಲ್ಲಿ ಧಾರವಾಡದ ರಮಾಕಾಂತ ಗುಮಾಸ್ತನಾಗಿದ್ದ. ಉಳಿದವರಿಗೆ ಇಸ್ಪೀಟಿನ ಹುಚ್ಚಾದರೆ ಇವನಿಗೆ ಇಂಗ್ಲಿಷ್ ಪದಗಳ ಹುಚ್ಚು. ಯಾವ ಪದ ಎಲ್ಲಿ ಹುಟ್ಟಿತು, ಯಾರ ಬಾಯಲ್ಲಿ ಹೇಗೆ ಹೊರಳಿತು ಎಂದು ದಪ್ಪ ಡಿಕ್ಷನರಿ ತೆರೆದು ಕೂತನೆಂದರೆ ಚಹಾ ಆರಿ ಕೆನೆಗಟ್ಟಬೇಕು.

ಅವನಿಗೆ ಅಚ್ಚುಮೆಚ್ಚಿನ ಪದ ‘ಅರೈವ್’.

“ಈಗೇನು, ಬಸ್ಸೂ ಅರೈವ್ ಆಗ್ತದ, ಟಪಾಲೂ ಅರೈವ್ ಆಗ್ತದ. ಹಿಂದಕ ಹಂಗಿದ್ದಿಲ್ಲ. ಲ್ಯಾಟಿನ್‌ದಾಗ ರೀಪಾ ಅಂದ್ರ ದಂಡಿ. ನೀರಿನ ಮ್ಯಾಲಿಂದ ಬಂದು ದಂಡಿ ಮುಟ್ಟಿದವರಿಗಷ್ಟ ಈ ಪದ!”

೧೯೮೫ರ ಅಕ್ಟೋಬರಿನಲ್ಲಿ ಇದನ್ನು ಕೇಳುತ್ತಾ ಕೂತಿದ್ದವನು ದುರ್ಗಾಪ್ರಸಾದ್. ವಿಜಯವಾಡದ ಆಟೋನಗರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು, ‘ನೀಲವೇಣಿ’ ಎಂಬ ಸರಕು ಹಡಗಿನ ಎಂಜಿನ್ ರೂಮಿಗೆ ಹೊಸದಾಗಿ ಸೇರಿದ್ದ. ಅವನನ್ನು ಬೀಳ್ಕೊಡಲು ಹೆಂಡತಿ ಭ್ರಮರಾಂಬಳೂ ಬಂದಿದ್ದಳು. ಅವಳ ತಾಯಿ ಬಳ್ಳಾರಿಯವಳು. ತೆಲುಗು ಬೆರೆತ ಮನೆಗನ್ನಡ ಅವಳದು. ರಮಾಕಾಂತನನ್ನು ಚಿಕ್ಕಪ್ಪನೆಂಬಂತೆ ‘ಬಾಬಾಯಿಗಾರು’ ಎನ್ನುವಳು.

“ಹಂಗಾದ್ರೆ ಬಾಬಾಯಿಗಾರು, ರೈಲಲ್ಲಿ ಬಂದ ನಾನು ಅರೈವ್ ಆಗಿಲ್ವಾ?”

“ನೀ ಬರೇ ಬಂದೀಯವ್ವಾ. ಅರೈವ್ ಆಗಾಂವ ನಿನ್ನ ಗಂಡ!”

ನವೆಂಬರಿನಲ್ಲಿ ನೀಲವೇಣಿ ರಂಗೂನಿನಿಂದ ತೇಗದ ದಿಮ್ಮಿ ಹೇರಿಕೊಂಡು ವಿಶಾಖಪಟ್ಟಣಕ್ಕೆ ಹೊರಟಿತು. ನಡುವೆ ತೂಫಾನು ಎದ್ದಿತು. ಆಮೇಲೆ ಅದನ್ನು ಕಂಡವರಿಲ್ಲ.

ಆಫೀಸಿನ ಕರಿಹಲಗೆಯಲ್ಲಿ ಬರಬೇಕಾದ ಹಡಗುಗಳ ಹೆಸರು, ಪಕ್ಕದಲ್ಲಿ ‘ಅರೈವ್ಡ್’ ಎಂಬ ಖಾನೆ. ಖಾನೆಯಲ್ಲಿ ತಾರೀಖು ಬೀಳದೆ ಹೆಸರು ಅಳಿಸುವಂತಿಲ್ಲ. ಅದು ಅಲ್ಲಿಯ ಪದ್ಧತಿ. ದಿನಾ ಹಲಗೆ ಒರೆಸಿ ಬರೆಯುವವನು ರಮಾಕಾಂತನೇ. ನಾಲ್ಕು ತಿಂಗಳಿಗೆ ಹಡಗಿನ ಮಾಲೀಕರ ಪತ್ರ ಬಂತು: ‘ಪ್ರಿಸ್ಯೂಮ್ಡ್ ಲಾಸ್ಟ್’.

“ಅಂದ್ರೇನು ಬಾಬಾಯಿಗಾರು? ಹೋದಂಗೇನಾ?” ಭ್ರಮರಾಂಬ ಕೇಳಿದಳು.

ಅವಳ ಮುಖ ನೋಡಿ ರಮಾಕಾಂತ ಡಿಕ್ಷನರಿ ಎಳೆದುಕೊಂಡ. “ಪ್ರಿಸ್ಯೂಮ್ ಅಂದ್ರ ತಿಳಿಯೂಕಿಂತ ಮೊದಲ ಹಿಡಕೊಂಡುಬಿಡೋದವ್ವಾ. ಕಂಡವರ ಮಾತಲ್ಲ, ಬರೇ ಅಂದಾಜು.”

ಡಿಕ್ಷನರಿಯ ಪ್ರಕಾರ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮರುದಿನವೂ ಅವನು ಹಲಗೆಯ ಮೇಲೆ ನೀಲವೇಣಿಯ ಹೆಸರು ಬರೆದ.

“ಏಮಂಡಿ, ಮುಳುಗಿದ ಹಡಗಿಗೂ ಹಾಜರಿ ಹಾಕ್ತೀರಾ?” ಎಂದು ಮ್ಯಾನೇಜರು ರಾಮಮೋಹನ್ ಹಂಗಿಸಿದರು. ಎರಡು ಸಲ ಒರೆಸಿಯೂ ಹಾಕಿದರು. ರಮಾಕಾಂತ ಮತ್ತೆ ಬರೆದ. ಕೊನೆಗೆ ಅವರೇ ಸೋತು ಸುಮ್ಮನಾದರು.

ಭ್ರಮರಾಂಬ ತಿಂಗಳಿಗೊಮ್ಮೆ ವಿಜಯವಾಡದಿಂದ ರೈಲು ಹತ್ತಿ ಬರುವಳು. ಹಲಗೆಯ ಮೇಲೆ ಹೆಸರು ನೋಡುವಳು, ಒಂದು ಲೋಟ ನೀರು ಕುಡಿದು ಹೊರಡುವಳು. ಗನ್ನವರಂನ ಶಾಲೆಯೊಂದರಲ್ಲಿ ಆಯಾ ಕೆಲಸ, ಇರಲು ಕೋಣೆ ಎರಡೂ ಸಿಕ್ಕಿದ್ದವು, ಬಿಟ್ಟಳು. ಅವರು ಬಂದಾಗ ಮನೆಗೆ ಬೀಗ ಇರಬಾರದಲ್ಲ! ಏಳು ವರ್ಷ ಹೀಗೆಯೇ ಸವೆಯಿತು.

೧೯೯೨ರಲ್ಲಿ ಬಂದ ದಿನ ಅವಳು ಹಲಗೆಯ ಕಡೆ ತಿರುಗಲೇ ಇಲ್ಲ.

“ಅತ್ತೆ ಕೋಟೇಶ್ವರಮ್ಮ ಹಾಸಿಗೆ ಹಿಡಿದಿದಾರೆ. ಮಗನ ಕರ್ಮ ಕಣ್ಣಾರೆ ನೋಡಿ ಹೋಗ್ತೀನಿ ಅಂತಾರೆ. ದೇಹ ಸಿಗದೇ ಇದ್ರೆ ದರ್ಭೆಯಲ್ಲಿ ಮನುಷ್ಯನ್ನ ಮಾಡಿ ಸುಡ್ತಾರಂತೆ. ಪುರೋಹಿತರು ಒಪ್ತಾ ಇಲ್ಲ. ‘ಬೋರ್ಡಲ್ಲಿ ಹೆಸರಿದೆ ಅಂತ ಊರಿಗೆಲ್ಲ ಹೇಳಿದವಳು ನೀನೇ ಅಲ್ವೇನಮ್ಮಾ, ಹಡಗು ಬರಲಿಲ್ಲ ಅಂತ ಆ ಆಫೀಸಿಂದಲೇ ಕಾಗದ ತಾ’ ಅಂದ್ರು.”

“ನೀ ಏನಂತೀ ಅವ್ವಾ?”

“ಮೊದಲ್ನೇ ವರ್ಷಾನೇ ಅಳಿಸಿದ್ರೆ ಅತ್ತು ಎದ್ದುಬಿಡ್ತಿದ್ದೆ ಬಾಬಾಯಿಗಾರು. ನಿಮ್ಮದು ಒಳ್ಳೇ ಮನಸ್ಸು. ಬಯ್ಯೋಣ ಅಂದ್ರೂ ಬಾಯಿ ಬರಲ್ಲ.”

ರಮಾಕಾಂತ ಟೈಪ್‌ರೈಟರಿನ ಮುಂದೆ ಕೂತ. ಒಂದೇ ಸಾಲಿನ ಕಾಗದ. ಮೂರು ಹಾಳೆ ಕೆಟ್ಟವು. ನಾಲ್ಕನೆಯದಕ್ಕೆ ಮೊಹರು ಒತ್ತಿ ಕೊಟ್ಟ. ಅವಳು ಓದಿಸಿಕೊಳ್ಳಲಿಲ್ಲ, ಅರ್ಥ ಕೇಳಲಿಲ್ಲ, ಮಡಚಿ ಚೀಲದಲ್ಲಿಟ್ಟಳು.

“ತಡಿಯವ್ವಾ, ನಾನೂ ಬರ್ತೀನಿ. ಅವನ ಕಾರ್ಯಕ್ಕ ನಾನೊಬ್ಬ ಇರಬೇಕು.”

“ಬೇಡ ಬಾಬಾಯಿಗಾರು.” ಬಗ್ಗಿ ಅವನ ಕಾಲು ಮುಟ್ಟಿದಳು. “ನಿಮ್ಮನ್ನ ನೋಡಿದ್ರೆ ಮತ್ತೆ ಕಾಯೋಕೆ ಕೂತ್ಬಿಡ್ತೀನಿ.”